ಕಿವಿ ಕತ್ತರಿಸಿದ ಬೆಕ್ಕುಗಳೂ ನಮ್ಮ ಬೋನಕ್ಕನವರೂ

ಬಸ್ ಡಿಪೊಗಳ ಉಗ್ರಾಣ ನಿರ್ವಹಣೆಯಲ್ಲಿ ಹೆಸರು ಮಾಡಿದವರು ಹಲವರಿದ್ದಾರೆ. ಬೀದಿಬೆಕ್ಕುಗಳ ಸಂಖ್ಯೆಯನ್ನು ಹಿಂಸೆಯಿಲ್ಲದೆ ಹತೋಟಿಗೆ ತಂದ ಸ್ವಯಂಸೇವಕರೂ ಅಲ್ಲಲ್ಲಿ ಇದ್ದಾರೆ. ಈ ಎರಡನ್ನೂ ಒಂದೇ ಸೂರಿನಡಿ, ಒಂದೇ ನಿಷ್ಠೆಯಿಂದ, ಒಂದಕ್ಕೆ ಸಂಬಳ ಪಡೆದು ಇನ್ನೊಂದಕ್ಕೆ ಬೈಗುಳ ಪಡೆದು, ಸೇವಾವಧಿಯುದ್ದಕ್ಕೂ ನಡೆಸಿಕೊಂಡು ಬಂದವರು ನಮ್ಮ ಡಿಪೊದ ಉಗ್ರಾಣಾಧಿಕಾರಿಗಳಾಗಿದ್ದು ಈಚೆಗೆ ನಿವೃತ್ತರಾದ ಬೋನಕ್ಕನವರೊಬ್ಬರೇ. ಬೆಕ್ಕು ಹಿಡಿಯುವ ಬೋನನ್ನು ಕಂಕುಳಲ್ಲಿ ಇರುಕಿಕೊಂಡು ಓಡಾಡುತ್ತಿದ್ದ ಅವರಿಗೆ ಡ್ರೈವರುಗಳು ಗೇಲಿಗೆಂದು ಇಟ್ಟ ಹೆಸರು ಅದು. ಕಾಲ ಕಳೆದಂತೆ ಗೇಲಿ ಸವೆದು ಗೌರವ ಮಾತ್ರ ಉಳಿಯಿತು.

ಅವರ ಈ ಅಭಿನಂದನ ಸಂಪುಟಕ್ಕೆ ಲೇಖನ ಕೇಳಲು ಬಂದ ಸಂಪಾದಕ ಮಂಡಳಿಯವರು ಬಾಗಿಲಲ್ಲೇ ಒಂದು ಷರತ್ತು ಹಾಕಿದ್ದರು. "ಉಗ್ರಾಣದ ಬಗ್ಗೆ ಎಷ್ಟು ಬೇಕಾದ್ರೂ ಬರೀರಿ. ಬೆಕ್ಕಿನ ಸಮಾಚಾರ ಮಾತ್ರ ಬೇಡ, ಮ್ಯಾನೇಜರ್ ಸಾಹೇಬ್ರಿಗೆ ಬೇಜಾರಾಗುತ್ತೆ." ಸಾಹೇಬರಿಗೆ ಬೇಜಾರಾಗಬಾರದೆಂಬ ಒಂದೇ ಕಾರಣಕ್ಕೆ ಒಬ್ಬ ಹೆಣ್ಣುಮಗಳ ಅರ್ಧ ಆಯುಷ್ಯದ ದುಡಿಮೆಯನ್ನು ಅಳಿಸಿಹಾಕುವ ವಿದ್ಯೆ ಈ ಲೇಖಕನಿಗೆ ಬರುವುದಿಲ್ಲ. ಆದ್ದರಿಂದ ಉಗ್ರಾಣದ ವಿಷಯವನ್ನು ಉಳಿದ ಲೇಖಕರಿಗೆ ಬಿಟ್ಟು, ಇಲ್ಲಿ ಬೆಕ್ಕಿನ ಸಮಾಚಾರವನ್ನಷ್ಟೇ ಬರೆಯಲಾಗಿದೆ.

ಬೋನಕ್ಕನವರು ಉಗ್ರಾಣದ ಸಹಾಯಕಿಯಾಗಿ ಸೇವೆಗೆ ಸೇರಿದಾಗ ಡಿಪೊದಲ್ಲಿ ಇಲಿಗಳದೇ ದರ್ಬಾರು. ಸೀಟಿನ ಸ್ಪಂಜು, ವೈರು, ರಬ್ಬರು, ಯಾವುದಕ್ಕೂ ಉಳಿಗಾಲವಿರಲಿಲ್ಲ. ಹಿಂದಿನ ಯಾರೋ ಮಹಾನುಭಾವರು ಇಲಿಗೆಂದು ಒಂದು ಜೋಡಿ ಬೆಕ್ಕು ತಂದುಬಿಟ್ಟು ಕೈತೊಳೆದುಕೊಂಡಿದ್ದರು. ಜೋಡಿ ಸಂಸಾರವಾಗಿ, ಸಂಸಾರ ಹಿಂಡಾಗಿ, ಬಸ್ಸಿನಡಿ ರಿಪೇರಿಗೆ ಇಳಿಯುವ ಪಿಟ್ಟಿನೊಳಗೆ ಬೆಕ್ಕು, ಎಂಜಿನ್ ಮೇಲೆ ಬೆಕ್ಕು ಎನ್ನುವಂತಾಗಿತ್ತು. ಇದಕ್ಕೆ ಡಿಪೊದ ದೊಡ್ಡ ತಲೆಗಳು ಕಂಡುಕೊಂಡಿದ್ದ ಪರಿಹಾರವನ್ನು ಕೇಳಿದರೆ ಇವತ್ತಿಗೂ ಮೈ ಉರಿಯುತ್ತದೆ. ಮೇಲಧಿಕಾರಿಗಳ ತಪಾಸಣೆ ಬಂತೆಂದರೆ ಸಿಕ್ಕ ಬೆಕ್ಕುಗಳನ್ನು ಗೋಣಿಚೀಲಕ್ಕೆ ತುರುಕುವುದು, ದೂರದ ಮಾರ್ಗದ ಬಸ್ಸಿನ ಡಿಕ್ಕಿಯೊಳಗೆ ಎಸೆಯುವುದು, ಕೊನೆಯ ನಿಲ್ದಾಣದಲ್ಲಿ ಚೀಲ ಬಿಚ್ಚಿ ಬಿಡುವುದು. ಉಸಿರು ಉಳಿದವು ಓಡುತ್ತಿದ್ದವು, ಉಳಿಯದವನ್ನು ಚೀಲದ ಸಮೇತ ಬಿಸಾಡುತ್ತಿದ್ದರು. ಈ ಕೆಲಸಕ್ಕೆ ಕಚೇರಿಯಲ್ಲಿ ಸ್ವಚ್ಛತೆ ಎಂದು ಹೆಸರಿತ್ತು.

ಹಾಗೊಂದು ತಪಾಸಣೆ ಮುಗಿದ ಮೇಲೆ ಹಳೆಯ ಟೈರುಗಳ ರಾಶಿಯೊಳಗಿಂದ ಮರಿಗಳ ಕೂಗು ಕೇಳತೊಡಗಿತು. ಬೋನಕ್ಕನವರು ವರ್ಕ್‌ಶಾಪಿನ ಹಿರಿಯ ಮೆಕ್ಯಾನಿಕ್ಕನ್ನು ಕರೆದು, "ಇವುಗಳ ತಾಯಿ ಎಲ್ಲಿ?" ಎಂದು ಕೇಳಿದರು.

"ಅದು ಟಿಕೆಟ್ ಇಲ್ದೆ ಪ್ರಯಾಣ ಹೋಯ್ತಲ್ಲ ಮೇಡಂ," ಎಂದು ಆತ ನಕ್ಕ.

ಅವರು ನಗಲಿಲ್ಲ. ಸೆರಗು ಸಿಕ್ಕಿಸಿಕೊಂಡು ಒಬ್ಬರೇ ಟೈರುಗಳನ್ನು ಇಳಿಸತೊಡಗಿದರು. ಆಳೆತ್ತರದ ರಾಶಿ, ಒಂದೊಂದೂ ಹೊರಲಾರದ ಭಾರ. ನಕ್ಕಿದ್ದ ಮೆಕ್ಯಾನಿಕ್ಕೇ ಸ್ವಲ್ಪ ಹೊತ್ತಿನಲ್ಲಿ ಮುಖ ಸಣ್ಣದು ಮಾಡಿಕೊಂಡು ಕೈಜೋಡಿಸಿದ, ಆಮೇಲೆ ಉಳಿದವರೂ ಬಂದರು. ತಳದ ಟೈರಿಗೆ ಕೈ ಮುಟ್ಟುವ ಹೊತ್ತಿಗೆ ಕೂಗು ನಿಂತುಹೋಗಿತ್ತು. ಬೋನಕ್ಕನವರು ಅತ್ತರು, ಎಲ್ಲರೆದುರು, ಮುಚ್ಚುಮರೆಯಿಲ್ಲದೆ ಅತ್ತರು. ಹಾಗೆ ಅತ್ತದ್ದಕ್ಕೆ ಮರುದಿನ ಕಚೇರಿಯಲ್ಲಿ ಮೂಗು ಮುರಿದವರು ಕಡಿಮೆಯೇನಿರಲಿಲ್ಲ.

ಇಲ್ಲೊಂದು ಮಾತನ್ನು ಸ್ಪಷ್ಟಪಡಿಸಬೇಕು. ಈ ಸಂಪುಟದ ಮುನ್ನುಡಿಯಲ್ಲಿ ಬೋನಕ್ಕನವರನ್ನು ಅರ್ಧ ಸಾಲಿನಲ್ಲಿ 'ಪ್ರಾಣಿಪ್ರೇಮಿ' ಎಂದು ಕರೆದು ಮುಂದೆ ಸಾಗಿದ್ದಾರಂತೆ. ಅವರು ಬೆಕ್ಕನ್ನು ಮುದ್ದು ಮಾಡಿದ್ದನ್ನು ನಾವು ಯಾರೂ ಕಂಡಿಲ್ಲ. ಬೆಕ್ಕಿನ ಕೂದಲು ತಾಗಿದರೆ ಅವರಿಗೆ ಸಾಲುಸಾಲು ಸೀನು. ಮೂಗಿಗೆ ಕರವಸ್ತ್ರ ಕಟ್ಟಿಕೊಂಡೇ ಬೋನು ಎತ್ತುತ್ತಿದ್ದರು. ಅವರಿಗೆ ಬೇಕಾಗಿದ್ದದ್ದು ಬೆಕ್ಕುಗಳು ಕಡಿಮೆಯಾಗುವುದು, ಇರುವಷ್ಟು ನೆಮ್ಮದಿಯಾಗಿ ಬದುಕುವುದು, ಇನ್ನೊಮ್ಮೆ ಯಾವ ಟೈರಿನೊಳಗೂ ಅಂಥ ಕೂಗು ಕೇಳದಿರುವುದು. ಇದನ್ನು ಪ್ರೀತಿ ಎಂದು ತಳ್ಳಿಹಾಕುವುದು ಸುಲಭ, ಕೆಲಸ ಎಂದು ಒಪ್ಪಿಕೊಂಡರೆ ಜೊತೆಗೆ ನಿಲ್ಲಬೇಕಾಗುತ್ತದೆ.

ದಾರಿ ತೋರಿಸಿದವರು ಡಿಪೊದ ಎದುರು ರಸ್ತೆಯಲ್ಲಿ ಚಿಕಿತ್ಸಾಲಯವಿಟ್ಟಿದ್ದ ಪಶುವೈದ್ಯೆ. "ಓಡಿಸಿದ್ರೆ ಪ್ರಯೋಜನ ಇಲ್ಲಮ್ಮ," ಎಂದರು ಆಕೆ. "ಜಾಗ ಖಾಲಿ ಆಯ್ತು, ಅನ್ನ ಇದೆ ಅಂತ ಗೊತ್ತಾದ್ರೆ ಹೊರಗಿನವು ಬಂದು ಸೇರ್ಕೊಳ್ತವೆ. ಇರೋವನ್ನೇ ಹಿಡಿದು ತನ್ನಿ, ಆಪರೇಷನ್ ಮಾಡ್ತೀನಿ, ಮತ್ತೆ ಅದೇ ಜಾಗಕ್ಕೆ ಬಿಡಿ. ಅವು ಮರಿ ಹಾಕಲ್ಲ, ಹೊಸಬರನ್ನ ಸುಲಭಕ್ಕೆ ಸೇರ್ಸಲ್ಲ." ಅರಿವಳಿಕೆಯಲ್ಲಿದ್ದಾಗಲೇ ಎಡಗಿವಿಯ ತುದಿಯನ್ನು ಚೂರು ಕತ್ತರಿಸುತ್ತಿದ್ದರು. ದೂರದಿಂದಲೇ ನೋಡಿ ಇದರದು ಆಗಿದೆ ಎಂದು ತಿಳಿಯಲು, ಅದೇ ಬೆಕ್ಕನ್ನು ಮತ್ತೆ ಹಿಡಿದು ಹಿಂಸಿಸದಿರಲು ಅದೊಂದು ಗುರುತು.

ವೆಲ್ಡಿಂಗ್ ವಿಭಾಗದವರು ಹಳೆಯ ಕಂಬಿಗಳಿಂದ ಬೋನು ಮಾಡಿಕೊಟ್ಟರು. ಒಳಗಿನ ತಗಡಿನ ಮೇಲೆ ಕಾಲಿಟ್ಟರೆ ಬಾಗಿಲು ಬೀಳಬೇಕು. ಬೆಕ್ಕು ಒಳಗಾದ ಕೂಡಲೇ ಹಳೆಯ ಸೀಟುಕವರು ಹೊದಿಸಬೇಕು, ಕತ್ತಲಾದರೆ ಅದು ಗಾಬರಿ ಬಿಟ್ಟು ಸುಮ್ಮನಾಗುತ್ತದೆ. ಈ ಕೆಲಸದಲ್ಲಿ ಎಲ್ಲಕ್ಕಿಂತ ದೊಡ್ಡ ನಿಯಮವೆಂದರೆ, ಬೋನಿಡುವ ಹಿಂದಿನ ದಿನ ಯಾರೂ ಬೆಕ್ಕಿಗೆ ಏನೂ ಹಾಕಕೂಡದು. ಹೊಟ್ಟೆ ತುಂಬಿದ ಬೆಕ್ಕು ಬೋನಿನತ್ತ ತಿರುಗಿಯೂ ನೋಡುವುದಿಲ್ಲ. ಸೋಜಿಗವೆಂದರೆ, ಗೋಣಿಚೀಲದ ಕಾಲದಲ್ಲಿ ಬಾಯಿಗೆ ಬೀಗ ಹಾಕಿಕೊಂಡಿದ್ದ ನಮ್ಮ ಜನಕ್ಕೆ ಕರುಣೆ ಉಕ್ಕಿಬರುತ್ತಿದ್ದದ್ದು ಸರಿಯಾಗಿ ಆ ಒಂದೇ ದಿನ. ಒಮ್ಮೆ ಇಡೀ ಡಿಪೊವನ್ನು ಗದರಿಸುತ್ತಿದ್ದ ಸಂಚಾರ ನಿಯಂತ್ರಕರೇ ಡೀಸೆಲ್ ಪಂಪಿನ ಹಿಂದೆ ಸಿಕ್ಕಿಬಿದ್ದರು.

"ನಾನೇನೂ ಹಾಕಿಲ್ಲ ಮೇಡಂ," ಎಂದರು ಅವರು, ಖಾಲಿ ಲೋಟ ಬೆನ್ನ ಹಿಂದೆ ಹಿಡಿದುಕೊಂಡು.

"ಹಾಗಾದ್ರೆ ಅದರ ಮೀಸೆಗೆ ಹಾಲು ಹಚ್ಚಿದ್ದು ಯಾರು ಸಾರ್, ಅದರ ಅತ್ತೆನಾ?"

ಅಂತೂ ಬೈದು, ನಗಿಸಿ, ಕಾಡಿ ಬೇಡಿ, ಕೆಲವು ವರ್ಷಗಳಲ್ಲಿ ಡಿಪೊದ ಬೆಕ್ಕುಗಳೆಲ್ಲ ಕಿವಿ ಕತ್ತರಿಸಿದವಾದವು. ಇಲಿ ಹತೋಟಿಯಲ್ಲಿತ್ತು, ಬೆಕ್ಕು ಮಿತಿಯಲ್ಲಿತ್ತು, ಎಂಜಿನ್ ಚಾಲೂ ಮಾಡುವ ಮುನ್ನ ಮರಿ ಹುಡುಕುವ ಕಷ್ಟ ತಪ್ಪಿತ್ತು. ಆದರೆ ತಪ್ಪಿಹೋದ ಅನಾಹುತವನ್ನು ಯಾರು ಗಮನಿಸುತ್ತಾರೆ? ಬೋನಕ್ಕನವರಿಗೆ ಮಾಡಲು ಬೇರೆ ಕೆಲಸವಿಲ್ಲ ಎನ್ನುವ ಮಾತೇ ಕಚೇರಿಯಲ್ಲಿ ಹೆಚ್ಚು ಓಡಾಡುತ್ತಿತ್ತು.

ಆಗ ಬಂದರು ಈಗಿನ ಮ್ಯಾನೇಜರ್ ಸಾಹೇಬರು. ಬಂದವರೇ ಗೋಡೆಗಳಿಗೆ ಬಣ್ಣ ಹೊಡೆಸಿದರು, ಅಂಗಳವನ್ನು ಒಂದು ಸುತ್ತು ಹಾಕಿದರು, ಬೆಕ್ಕುಗಳ ಕಿವಿ ಕಂಡು ಹೌಹಾರಿದರು. ಇದು ಕಿವಿ ಕೊಳೆಯುವ ರೋಗ, ಅಂಟುರೋಗ, ಸಿಬ್ಬಂದಿಗೂ ಹರಡಬಹುದು ಎಂದು ಸಭೆಯಲ್ಲಿ ಸಾರಿದರು. ಒಬ್ಬರನ್ನಾದರೂ ಕೇಳಿದರೇ? ಇಲ್ಲ. ಎದುರು ರಸ್ತೆಯ ಪಶುವೈದ್ಯೆಗೆ ಫೋನು ಮಾಡಿದರೇ? ಅದೂ ಇಲ್ಲ. ಬೋನಕ್ಕನವರು ತಂಗಿಯ ಆಪರೇಷನ್ನಿಗೆಂದು ರಜೆಯಲ್ಲಿದ್ದ ವಾರ ನೋಡಿ ಗುತ್ತಿಗೆದಾರನ ವ್ಯಾನು ತರಿಸಿ, ರೋಗದವನ್ನು ಸಾಗಿಸಿ, ಕಿವಿ ನೆಟ್ಟಗಿರುವವು ಇರಲಿ ಎಂದು ಅಪ್ಪಣೆ ಕೊಟ್ಟರು. ಆಪರೇಷನ್ ಆಗಿದ್ದ ಒಂದೊಂದು ಬೆಕ್ಕನ್ನೂ ಆರಿಸಿ ಆರಿಸಿ ಹೊರಗೆ ಹಾಕಿ, ಹೊಸದಾಗಿ ನುಸುಳಿದ್ದ ಆಗದವನ್ನು ಜೋಪಾನವಾಗಿ ಉಳಿಸಿಕೊಂಡ ಸಂಸ್ಥೆ ನಮ್ಮದು. ಸಭೆಯಲ್ಲಿದ್ದವರಿಗೆ ಸತ್ಯ ಗೊತ್ತಿತ್ತು, ಸಾಹೇಬರೆದುರು ಬಾಯಿ ಬಿಡುವ ಧೈರ್ಯ ಒಬ್ಬರಿಗೂ ಇರಲಿಲ್ಲ. ನಾಚಿಕೆಯಾಗಬೇಕು.

ರಜೆ ಮುಗಿಸಿ ಬಂದ ಬೋನಕ್ಕನವರು ನೇರ ಸಾಹೇಬರ ಕೋಣೆಗೆ ಹೋದರು.

"ಸಾರ್, ಅದು ರೋಗ ಅಲ್ಲ. ಆಪರೇಷನ್ ಆಗಿದೆ ಅನ್ನೋ ಗುರುತು."

"ಗುರುತಾ? ಮೊದಲೇ ಹೇಳ್ಬಾರ್ದಿತ್ತಾ ಮೇಡಂ?"

"ಕ್ಯಾಂಟೀನ್ ಗೋಡೆ ಮೇಲೆ ಅಷ್ಟು ದೊಡ್ಡ ಬೋರ್ಡಿತ್ತು ಸಾರ್. ಬಣ್ಣ ಹೊಡೆಸೋವಾಗ ನೀವೇ ತೆಗೆಸಿದ್ರಿ."

ಸಾಹೇಬರು ಕಡತ ನೋಡುತ್ತಾ, ಆದದ್ದು ಆಯಿತು ಎಂದರು. ಎಲ್ಲಿ ಬಿಟ್ಟೆ ಎಂದು ಕೇಳಿದರೆ ಗುತ್ತಿಗೆದಾರ ಹೆಗಲು ಕುಣಿಸಿದ. ಆಮೇಲೆ ಎಷ್ಟೋ ಸಂಜೆ, ಕೆಲಸ ಮುಗಿಸಿ, ನೋಯುವ ಮಂಡಿಗೆ ಪಟ್ಟಿ ಕಟ್ಟಿಕೊಂಡು, ಊರಾಚೆಯ ಕಸದ ಗುಡ್ಡದಲ್ಲಿ ಬೋನಕ್ಕನವರು ಬೆಕ್ಕುಗಳನ್ನು ಕೂಗುತ್ತಾ ನಡೆದರು. ಒಂದು ಮಾತ್ರ ಸಿಕ್ಕಿತು. ಸಿಂಗಲ್ ಲೈಟು ಎಂದು ಡ್ರೈವರುಗಳು ಕರೆಯುತ್ತಿದ್ದ ಒಕ್ಕಣ್ಣಿನ ಮುದಿ ಗಂಡು, ಮೂಳೆ ಎಣಿಸುವ ಹಾಗಾಗಿತ್ತು. ಒಮ್ಮೆ ಬೋನು ಕಂಡ ಬೆಕ್ಕು ಮತ್ತೆ ಅದರ ಹತ್ತಿರ ಸುಳಿಯುವುದಿಲ್ಲ. ಅಂಥದ್ದರಲ್ಲಿ ಅದು ಅವರ ದನಿ ಕೇಳಿ, ಅನ್ನದ ಅಗುಳೂ ಇಲ್ಲದ ಬೋನಿನೊಳಗೆ ತಾನಾಗಿ ನಡೆದುಹೋಗಿ ಕುಳಿತುಕೊಂಡಿತು. ಉಳಿದವುಗಳ ಸುದ್ದಿ ಇಂದಿಗೂ ಇಲ್ಲ.

ಉಳಿಸಿಕೊಂಡ ಬೆಕ್ಕುಗಳು ಸುಮ್ಮನಿರುತ್ತವೆಯೇ? ಡಿಪೊದ ತುಂಬ ಮತ್ತೆ ಮರಿ. ಬೋನಕ್ಕನವರ ಇಷ್ಟು ವರ್ಷದ ಪ್ರಯೋಗ ವಿಫಲವಾಗಿದೆ ಎಂದು ಸಾಹೇಬರು ಸಭೆಯಲ್ಲಿ ಹೇಳಿದರು. ಬೋನಕ್ಕನವರು ಹೊರಗೆ ಬಂದು ಬೋನುಗಳ ತುಕ್ಕು ಉಜ್ಜಿ, ಕೀಲಿಗೆ ಎಣ್ಣೆ ಬಿಟ್ಟು, ಮೊದಲಿನಿಂದ ಶುರು ಮಾಡಿದರು. ನಿವೃತ್ತಿ ಹತ್ತಿರ ಬಂದಿತ್ತು. ಆಮೇಲೂ ಬೆಳಗ್ಗೆ ಒಂದು ಗಳಿಗೆ ಒಳಗೆ ಬಂದು ಬೆಕ್ಕುಗಳನ್ನು ನೋಡಿಕೊಂಡು ಹೋಗಲು ಬಿಡಬೇಕೆಂದು ಸಾಹೇಬರನ್ನು ಕೇಳಿಕೊಂಡರು. ಹೊಸ ಬೆಕ್ಕು ಬಂದ ಕೂಡಲೇ ಗುರುತಿಸುವ ಕಣ್ಣು ಬೇಕು, ಇಲ್ಲದಿದ್ದರೆ ಮಾಡಿದ್ದೆಲ್ಲ ಮತ್ತೆ ನೀರುಪಾಲು. ನಿವೃತ್ತರಿಗೆ ಪ್ರವೇಶವಿಲ್ಲ, ರೂಲ್ಸು ರೂಲ್ಸೇ ಎಂದುಬಿಟ್ಟರು ಸಾಹೇಬರು.

ಕೆಲಸದ ಕೊನೆಯ ದಿನದ ಹೊತ್ತಿಗೆ ಮರಿಗಳು ಡ್ರೈವರು ಕಂಡಕ್ಟರುಗಳ ಮನೆ ಸೇರಿದ್ದವು, ದೊಡ್ಡವೆಲ್ಲ ಆಪರೇಷನ್ ಮುಗಿಸಿ ಮರಳಿದ್ದವು. ಉಳಿದದ್ದು ಒಂದು ಬೂದಿ ಬಣ್ಣದ ಹೆಣ್ಣು. ಅದೊಂದು ಉಳಿದರೆ ಸಾಕು, ವರ್ಷ ತಿರುಗುವುದರೊಳಗೆ ಮತ್ತೆ ಹಿಂಡು. ಈ ಸಲ ಬೆಕ್ಕಿಗೆ ಏನೂ ಹಾಕುವುದಿಲ್ಲವೆಂಬ ಮಾತನ್ನು ಇಡೀ ಡಿಪೊ ಉಳಿಸಿಕೊಂಡಿತು. ಕ್ಯಾಂಟೀನಿನವರು ಕಸದ ಡಬ್ಬಿಗೆ ಕಲ್ಲು ಹೇರಿದರು, ಸಂಚಾರ ನಿಯಂತ್ರಕರು ಹಾಲಿನ ಸಹವಾಸವನ್ನೇ ಬಿಟ್ಟು ಬರಿ ಚಹಾ ಕುಡಿದರು. ಆದರೂ ಬೋನು ಖಾಲಿ. ಮಧ್ಯಾಹ್ನ ಬೂದಿ ಬೆಕ್ಕು ಬಾಯಿ ನೆಕ್ಕುತ್ತಾ ಹೊರಬಂದದ್ದು ಸಾಕ್ಷಾತ್ ಮ್ಯಾನೇಜರ್ ಸಾಹೇಬರ ಕೋಣೆಯಿಂದ. ಕಿಟಕಿಯ ಕಟ್ಟೆಯ ಮೇಲೆ ತಟ್ಟೆ, ತಟ್ಟೆಯಲ್ಲಿ ಬಿಸ್ಕತ್ತಿನ ಚೂರು.

"ಇದೊಂದು ಹಾಗಲ್ಲ ಮೇಡಂ," ಎಂದರು ಸಾಹೇಬರು, ಕಿವಿಯವರೆಗೂ ಕೆಂಪಾಗಿ. "ಇದು ನನ್ನ ಹತ್ರ ಬರುತ್ತೆ."

"ಬರುತ್ತಲ್ವಾ? ಹಾಗಾದ್ರೆ ನೀವೇ ಬೋನಿಗೆ ಹಾಕಿ ಕೊಡಿ ಸಾರ್. ನೀವು ವ್ಯಾನಲ್ಲಿ ಸಾಗಿಸಿದ್ರಲ್ಲ, ಅವಕ್ಕೂ ಹತ್ರ ಹೋಗೋಕೆ ಒಬ್ಬರಿದ್ರು, ಅದನ್ನ ನೀವು ಕೇಳ್ಲಿಲ್ಲ."

ಸಾಹೇಬರು ಎರಡು ಕೈಗೂ ಪರಚಿಸಿಕೊಂಡು ಬೂದಿ ಬೆಕ್ಕನ್ನು ಬೋನಿಗೆ ಹಾಕಿದರು. ಹೇಗಿರುತ್ತೋ ಏನೋ ಎಂದು ಸಂಜೆ ಚಿಕಿತ್ಸಾಲಯಕ್ಕೆ ಫೋನು ಕೂಡ ಮಾಡಿ ವಿಚಾರಿಸಿದರಂತೆ. ಇನ್ನಾದರೂ ಅವರಿಗೆ ತಿಳಿಯಿತು ಎಂದು ನಾವೆಲ್ಲ ಅಂದುಕೊಂಡೆವು.

ಬೆಕ್ಕು ಚೇತರಿಸಿಕೊಂಡ ದಿನ ಬೆಳಗ್ಗೆ ಬೋನಕ್ಕನವರು ಬೋನು ಎತ್ತಿಕೊಂಡು ಡಿಪೊದ ಗೇಟಿಗೆ ಬಂದರು. ವರ್ಷಗಟ್ಟಲೆ ಅವರಿಗೆ ನಮಸ್ಕಾರ ಹೇಳಿದ ಕಾವಲುಗಾರ ತಲೆ ತಗ್ಗಿಸಿ ನಿಂತ.

"ಬೆಕ್ಕನ್ನ ಒಳಗೆ ಬಿಡಬಹುದಂತೆ ಮೇಡಂ. ನೀವು ಬರೋ ಹಾಗಿಲ್ವಂತೆ."

"ಯಾರಂದ್ರು?"

"ಸಾಹೇಬ್ರೇ."

ಬೋನಕ್ಕನವರು ಬೋನನ್ನು ಗೇಟಿನ ಹೊರಗೇ ನೆಲಕ್ಕಿಟ್ಟು, ಸೀಟುಕವರು ಸರಿಸಿ, ಬಾಗಿಲು ಎತ್ತಿದರು. ಬೂದಿ ಬೆಕ್ಕು ಗೇಟಿನ ಅಡಿಯಲ್ಲಿ ನುಸುಳಿ ಬಸ್ಸುಗಳ ನಡುವೆ ಓಡಿಹೋಯಿತು. ಇಷ್ಟು ವರ್ಷ ತಾವು ದುಡಿದ ಅಂಗಳವನ್ನು ಅವರು ಕಂಬಿಗಳ ನಡುವಿನಿಂದ ನೋಡುತ್ತಾ ನಿಂತರು, ಆಮೇಲೆ ಕಣ್ಣೊರೆಸಿಕೊಂಡು ಖಾಲಿ ಬೋನು ಎತ್ತಿಕೊಂಡು ಹೋದರು.

ಈ ಸಂಪುಟವನ್ನು ಮ್ಯಾನೇಜರ್ ಸಾಹೇಬರೇ ಬೋನಕ್ಕನವರ ಕೈಗೆ ಅರ್ಪಿಸಲಿದ್ದಾರೆ. ಸಮಾರಂಭ ಗೇಟಿನ ಹೊರಗಿನ ಸಭಾಂಗಣದಲ್ಲಿ ಏರ್ಪಾಡಾಗಿದೆ. ಏಕೆಂಬುದನ್ನು ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ಬೋನಕ್ಕನವರಿಗೆ ದೀರ್ಘಾಯುಷ್ಯವಿರಲಿ, ಮಂಡಿನೋವು ಮಾಯವಾಗಲಿ, ಅವರ ಕೆಲಸ ಇನ್ನೂ ಬಹುಕಾಲ ನಡೆಯಲಿ ಎಂದು ನಾವು ತುಂಬು ಹೃದಯದಿಂದ ಹಾರೈಸುತ್ತೇವೆ. ಆದರೆ ಸಾಹೇಬರೇ, ಆ ಕೆಲಸ ಇರುವುದು ಗೇಟಿನ ಒಳಗೆ. ಅವರನ್ನು ಒಳಗೆ ಬಿಡುವುದಾದರೆ ಈ ಪುಸ್ತಕ ಕೊಡಿ, ಬಿಡುವುದಿಲ್ಲವಾದರೆ ದಯವಿಟ್ಟು ಇದನ್ನು ನಿಮ್ಮ ಬಳಿಯೇ ಇಟ್ಟುಕೊಳ್ಳಿ.