ಮಣೆಕಲ್ಲಿಗೆ ಒಂದು ಟಿಕೆಟ್

ಎಂಟನೇ ಕ್ಲಾಸನ್ನು ಅರ್ಧಕ್ಕೆ ಬಿಟ್ಟು ಬಸ್ಸು ಹತ್ತಿದವನು ನಾನು. ಕೊಪ್ಪದಿಂದ ಶೃಂಗೇರಿಗೆ, ಕೊಪ್ಪದಿಂದ ನರಸಿಂಹರಾಜಪುರಕ್ಕೆ, ಬಾಗಿಲಲ್ಲಿ ನಿಂತು ಹದಿನಾಲ್ಕು ವರ್ಷ ಟಿಕೆಟ್ ಹರಿದಿದ್ದೇನೆ. ಮೊಣಕಾಲು ಕೈಕೊಟ್ಟ ಮೇಲೆ ಟಿಕೆಟ್ ಮಿಷಿನ್ ರಿಪೇರಿಗೆ ಕೂತೆ. ಮಿಷಿನ್ ಹೋಗಿ ಫೋನ್ ಬಂತು. ಫೋನಿಗೆ ಆ್ಯಪ್ ಬರೆಯುವುದನ್ನು ಕಲಿತೆ. ಯಾರೂ ಹೇಳಿಕೊಡಲಿಲ್ಲ. ವಿಡಿಯೊ ನೋಡಿ, ಗೊತ್ತಾಗದ ಇಂಗ್ಲಿಷ್ ಪದಗಳನ್ನು ಹಳೇ ಟಿಕೆಟ್ ಪುಸ್ತಕಗಳ ಬೆನ್ನಿಗೆ ಬರೆದುಕೊಂಡು ಕಲಿತದ್ದು. ನಮ್ಮ ಕಡೆಯ ಖಾಸಗಿ ಬಸ್ಸುಗಳಲ್ಲಿ ಕಂಡಕ್ಟರ್ ಫೋನ್ ಒತ್ತಿದರೆ ಸೊಂಟದ ಪುಟ್ಟ ಪ್ರಿಂಟರಿನಿಂದ ಟಿಕೆಟ್ ಬರುತ್ತದಲ್ಲ, ಅದು ನನ್ನದು. ಇದನ್ನು ಹೇಳುವಾಗ ಈಗಲೂ ಎದೆ ಸ್ವಲ್ಪ ಮುಂದೆ ಬರುತ್ತದೆ. ಇನ್ನು ಮುಂದೆ ಬರೆಯುವುದನ್ನು ಓದಿದರೆ ಅದು ಬರಬಾರದಿತ್ತು ಎಂದು ನಿಮಗೂ ಅನಿಸುತ್ತದೆ.

ಆ್ಯಪು ಚೆನ್ನಾಗಿ ಓಡತೊಡಗಿದಾಗಲೇ ಭಯವೂ ಶುರುವಾಯಿತು. ಒಂದು ವಿಡಿಯೊದಲ್ಲಿ ಯಾರೋ ಒಬ್ಬ ಇನ್ನೊಬ್ಬರ ಆ್ಯಪನ್ನು ಹಲಸಿನಹಣ್ಣು ಬಿಡಿಸಿದ ಹಾಗೆ ಬಿಡಿಸಿ, ಐದೇ ನಿಮಿಷದಲ್ಲಿ ಒಳಗಿನ ಕೋಡನ್ನೆಲ್ಲ ಹೊರಗೆ ಹರಡಿಟ್ಟ. ಅದಕ್ಕೆಂದೇ ಟೂಲುಗಳಿವೆಯಂತೆ. ಹಾಗೆ ಬಿಡಿಸಿದರೂ ಅರ್ಥವಾಗದಂತೆ ಗೋಜಲು ಮಾಡಿಡುವ ಟೂಲುಗಳೂ ಇವೆ. ಅಂಥದೊಂದನ್ನು ಹುಡುಕಿ ಹಾಕಿದೆ. ಕೋಡಿನಲ್ಲಿ ನಾನು ‘ಅರ್ಧಟಿಕೆಟ್’ ಎಂದು ಹೆಸರಿಟ್ಟಿದ್ದ ಜಾಗ ಬರೀ ಎ ಆಯಿತು, ‘ಕೊನೇಬಸ್’ ಬಿ ಆಯಿತು. ನನಗೇ ಗುರುತು ಸಿಗಲಿಲ್ಲ. ಆ ರಾತ್ರಿ ಒಳ್ಳೇ ನಿದ್ದೆ ಬಂತು.

ಆದರೆ ಒಂದನ್ನು ಮುಚ್ಚಲು ಯಾವ ಟೂಲಿಗೂ ಆಗುವುದಿಲ್ಲ. ಸ್ಟಾಪಿನ ಹೆಸರು ಟಿಕೆಟ್ ಮೇಲೆ ಅಚ್ಚಾಗಲೇಬೇಕು. ನನ್ನ ಹದಿನಾಲ್ಕು ವರ್ಷ ಇದ್ದದ್ದು ಸ್ಟಾಪುಗಳ ಆ ಪಟ್ಟಿಯಲ್ಲೇ. ಯಾರಾದರೂ ಅದನ್ನು ಎತ್ತಿದರೆ ಹಿಡಿಯುವುದು ಹೇಗೆ? ಯೋಚಿಸುತ್ತ ಕೂತಾಗ ಹೆಂಡತಿ ಎದುರಲ್ಲೇ ಮಣೆ ಹಾಕಿಕೊಂಡು ಕಾಯಿ ಹೆರೆಯುತ್ತಿದ್ದಳು. ನಾರ್ವೆ ರಸ್ತೆಯಲ್ಲಿ ಟಿಕೆಟ್ ದರ ಬದಲಾಗುವ ಎರಡು ಸ್ಟೇಜುಗಳ ನಡುವೆ, ಒಂದು ತಿರುವಿನ ಹತ್ತಿರ, ‘ಮಣೆಕಲ್ಲು’ ಎಂಬ ಸ್ಟಾಪು ಸೇರಿಸಿಬಿಟ್ಟೆ. ಅಂಥ ಜಾಗ ಇಲ್ಲ. ಕದ್ದವನ ಪಟ್ಟಿಯಲ್ಲಿ ಅದು ಬಂದರೆ ಸಿಕ್ಕಿಬಿದ್ದ ಎಂದೇ ಲೆಕ್ಕ.

“ಎಂತದು, ಇಲ್ಲದ ಊರಿಗೆ ಬಸ್ ಬಿಡ್ತೀರಾ?” ಅಂದಳು ಹೆಂಡತಿ.

“ಕಳ್ಳರಿಗೆ ಇಳಿಯಕ್ಕೆ” ಅಂದೆ. ನಕ್ಕೆವು.

ಎರಡು ವರ್ಷ ಕಳೆಯಿತು. ಬಾಳಗಡಿಯ ಕಾಲೇಜಿನ ಹತ್ತಿರ ಜೆರಾಕ್ಸ್ ಅಂಗಡಿ ಇಟ್ಟಿರುವ ಹೆಂಗಸೊಬ್ಬರು ಟಿಕೆಟ್ ಆ್ಯಪ್ ಮಾಡಿದ್ದಾರೆ, ಒಬ್ಬ ಮಾಲೀಕರು ತಮ್ಮ ಎರಡು ಬಸ್ಸಿಗೆ ಹಾಕಿ ನೋಡುತ್ತಿದ್ದಾರೆ ಎಂದು ಸುದ್ದಿ ಬಂತು. ಆಕೆ ಹಿಂದೆ ಮಕ್ಕಳಿಗೆ ಕಂಪ್ಯೂಟರ್ ಕಲಿಸುತ್ತಿದ್ದರು, ಅದಕ್ಕೇ ಎಲ್ಲರೂ ಟೀಚರ್ ಎನ್ನುತ್ತಾರೆ. ಆ ಬಸ್ಸಿನ ಗುರುತಿನ ಕಂಡಕ್ಟರನ ಫೋನು ಇಸಕೊಂಡು ಪಟ್ಟಿ ಸರಿಸಿದೆ. ಮಣೆಕಲ್ಲು ಇತ್ತು.

ನನಗೆ ಆದದ್ದು ಸಿಟ್ಟಲ್ಲ, ಖುಷಿ. ಮನೆಗೆ ಹೋದವನೇ ಅವರ ಆ್ಯಪನ್ನು ನಾನೇ ಬಿಚ್ಚಿದೆ. ಯಾವ ಟೂಲಿಗೆ ಅಷ್ಟು ಹೆದರಿದ್ದೆನೋ ಅದನ್ನೇ ಇಳಿಸಿಕೊಂಡೆ. ಟೀಚರ್ ಯಾವ ಬೀಗವನ್ನೂ ಹಾಕಿರಲಿಲ್ಲ. ಒಳಗೆ ಪ್ರತಿಯೊಂದಕ್ಕೂ ಓದುವ ಹಾಗೆ ಹೆಸರು. ನನ್ನ ಸಾಲುಗಳನ್ನು ಹುಡುಕುತ್ತ ಹೋದೆ. ಒಂದೂ ಸಿಗಲಿಲ್ಲ. ತಪ್ಪು ಟಿಕೆಟ್ ವಾಪಸ್ ಮಾಡಲು ನಾನು ನಲವತ್ತು ಸಾಲು ಬರೆದಿದ್ದೆ, ಅವರು ಆರರಲ್ಲಿ ಮುಗಿಸಿದ್ದರು. ಘಾಟಿಯಲ್ಲಿ ನೆಟ್‌ವರ್ಕ್ ಹೋದರೆ ನನ್ನದು ಒದ್ದಾಡುತ್ತದೆ, ಅವರದು ನೆನಪಿಟ್ಟುಕೊಂಡು ಆಮೇಲೆ ಕಳಿಸುತ್ತದೆ. ನನ್ನದಕ್ಕಿಂತ ಒಳ್ಳೆಯದು ಎಂದು ಆ ಕ್ಷಣವೇ ಗೊತ್ತಾಗಿತ್ತು.

ಕೊನೆಗೆ ಸ್ಟಾಪುಗಳ ಪಟ್ಟಿ ತೆರೆದೆ. ಮೂರು ಕಾಲಂ. ಹೆಸರು, ದೂರ, ಮೂರನೆಯದು ‘ಹೇಳಿದವರು’. ಪ್ರತಿ ಸ್ಟಾಪಿನ ಮುಂದೆಯೂ ಯಾರನ್ನು ಕೇಳಿ ಬರೆದದ್ದು ಎಂದಿತ್ತು. ಮಣೆಕಲ್ಲಿನ ಮುಂದೆ ಹೀಗಿತ್ತು: ‘ನಾರ್ವೆ ಕಡೆ ಕೆಲಸಕ್ಕೆ ಹೋಗುವ ಮೂವರು ಹೆಂಗಸರು. ತಿರುವಿನಲ್ಲಿ ದಿನಾ ಇಳಿಯುತ್ತಾರೆ. ಮೊದಲು ಮುಂದಿನ ಸ್ಟೇಜಿನವರೆಗೂ ಟಿಕೆಟ್ ತಗೋಬೇಕಿತ್ತಂತೆ.’

ಎರಡು ಸಲ ಓದಿದೆ. ಏನಾಗಿರಬಹುದು ಎಂದು ಕಂಡಕ್ಟರಾಗಿದ್ದವನಿಗೆ ತಿಳಿಯದೆ ಇರುತ್ತದೆಯೇ? ನನ್ನ ಪಟ್ಟಿಯಲ್ಲಿ ಹೆಸರು ಇತ್ತು, ತಿರುವಿನಲ್ಲಿ ಇಳಿಯುವವರು ಇದ್ದರು, ಕಂಡಕ್ಟರ್ ಒತ್ತಿದ. ನನ್ನ ಬೋನಿನಲ್ಲಿ ಜನ ಬಸ್ಸಿಳಿಯುತ್ತಿದ್ದರು. ತಿಳಿದೂ ಲ್ಯಾಪ್‌ಟಾಪ್ ಮಡಚಿದೆ.

ಮಾರನೇ ವಾರ ಬಸ್‌ಸ್ಟ್ಯಾಂಡಿನ ಮೇಲಿನ ಕೋಣೆಯಲ್ಲಿ ಮಾಲೀಕರ ಮೀಟಿಂಗು. ಆರು ಜನ ಇದ್ದರು. ಟೀಚರನ್ನೂ ಕರೆಸಿದ್ದೆ. ಹೋಗುವ ಮೊದಲು ಒಂದು ಕೆಲಸ ಮಾಡಿದ್ದೆ. ಲ್ಯಾಪ್‌ಟಾಪಿನಲ್ಲಿ ಅವರ ಪಟ್ಟಿಯ ಮೊದಲ ಕಾಲಮ್ಮನ್ನು ಎಳೆದು ಅಗಲ ಮಾಡಿದ್ದೆ, ಮೂರನೆಯದು ಪರದೆಯಿಂದ ಹೊರಗೆ ಹೋಗುವಷ್ಟು.

“ಇದು ನಾನು ಕಟ್ಟಿದ ಸುಳ್ಳು ಹೆಸರು. ಭೂಮಿ ಮೇಲೆ ಇಲ್ಲ. ಇವರ ಆ್ಯಪಲ್ಲಿ ಹೆಂಗೆ ಬಂತು, ಕೇಳಿ” ಅಂದೆ.

ಟೀಚರ್ ಪರದೆಯತ್ತ ಬಗ್ಗಿ ನೋಡಿದರು. “ನಾನು ಯಾರ ಆ್ಯಪನ್ನೂ ಬಿಚ್ಚಿಲ್ಲ. ಬಸ್ಸಲ್ಲಿ ಕೂತು, ಜನರನ್ನ ಕೇಳಿ ಬರ್ಕಂಡಿದ್ದು. ಪಕ್ಕದಲ್ಲಿ ಬರೆದಿದೀನಿ, ಆ ಕಡೆ ಸರಿಸಿ ನೋಡಿ.”

“ಎಲ್ಲಿ ಸರ್ಸದು? ಇಲ್ದಿದ್ದ ಊರನ್ನ ಜನ ಹೇಳಿದ್ರಾ?” ಎಂದು ನಾನು ದನಿ ಏರಿಸಿದೆ. “ಬಾಗಿಲಲ್ಲಿ ನಿಂತು ಕಾಲು ಹೋಗಿದ್ದು ನಂದು. ಫ್ಯಾನಿನ ಕೆಳಗೆ ಕೂತು ಎತ್ಕಂಡವ್ರು ಇವ್ರು.”

ಮಾಲೀಕರು ನಕ್ಕರು. “ಎಂತ ಟೀಚರೇ, ಪರೀಕ್ಷೇಲಿ ಕಾಪಿ ಹೊಡೆದ್ರಾ?” ಎಂದರು ಒಬ್ಬರು. ಆಕೆ ಚೀಲ ತೆಗೆದುಕೊಂಡು ಮೆಟ್ಟಿಲಿಳಿದು ಹೋದರು. ಸಂಜೆಯೊಳಗೆ ಎರಡೂ ಬಸ್ಸಿನಿಂದ ಅವರ ಆ್ಯಪು ಹೋಯಿತು. ‘ಕಾಪಿ ಟೀಚರ್’ ಎಂಬ ಹೆಸರು ಬಸ್‌ಸ್ಟ್ಯಾಂಡಿನಲ್ಲಿ ಉಳಿಯಿತು.

ಸುಮಾರು ದಿನ ಆ ರಸ್ತೆಗೇ ಹೋಗಲಿಲ್ಲ. ಒಮ್ಮೆ ಹೋಗಲೇಬೇಕಾಗಿ ಬಂದು ಮುಂದಿನ ಸೀಟಿನಲ್ಲಿ ಕೂತೆ. ತಿರುವು ಬರುವಾಗ ಕಂಡಕ್ಟರ್ ಕೂಗಿದ: “ಮಣೆಕಲ್ಲು, ಮಣೆಕಲ್ಲು! ಬೇಗ ಇಳೀರಿ ಅಮ್ಮ.” ಎದ್ದು ನಿಂತ ಹೆಂಗಸನ್ನು ಕೇಳಿದೆ, “ಇದಕ್ಕೆ ಮಣೆಕಲ್ಲು ಅಂತ ಯಾಕೆ ಹೆಸರು?”

“ಯಾರಿಗ್ಗೊತ್ತು ಮಾರಾಯ್ರೆ. ಟಿಕೆಟಲ್ಲಿ ಹಂಗೇ ಬರ್ತದೆ. ಹಿರೇರು ಇಟ್ಟಿದ್ದಿರ್ಬೇಕು. ಬಾಳಗಡಿ ಟೀಚರೂ ಇದ್ನೇ ಕೇಳಿ ಬರ್ಕಂಡ್ ಹೋಗಿದ್ರು.”

ಅವತ್ತೇ ಬಾಳಗಡಿಯಲ್ಲಿ ಇಳಿದೆ. ಟೀಚರ್ ಜೆರಾಕ್ಸ್ ಮಿಷಿನ್ ಮುಂದೆ ನಿಂತಿದ್ದರು. ಕಾಲಂ ಎಳೆದದ್ದನ್ನು ಹೇಳಿದೆ. ಹೇಳುವಾಗ ಅವರ ಮುಖ ನೋಡಲಾಗಲಿಲ್ಲ, ಹೊರಬರುತ್ತಿದ್ದ ಹಾಳೆಗಳನ್ನು ನೋಡುತ್ತಿದ್ದೆ.

“ಓದಿದ್ರಾ ಅದನ್ನ, ಮೀಟಿಂಗಿಗೆ ಮೊದಲು?”

“ಓದಿದ್ದೆ. ಎರಡು ಸಲ.”

ಟೀಚರ್ ಹಾಳೆಗಳನ್ನು ಜೋಡಿಸಿಟ್ಟು, “ನಂಗೆ ಹೇಳಿ ಎಂತ ಮಾಡ್ತೀರಿ, ನಂಗೆ ಮೊದಲೇ ಗೊತ್ತಲ್ಲ. ಅವತ್ತು ಕೂತಿದ್ದ ಆರೂ ಜನಕ್ಕೆ ಹೇಳಿ” ಅಂದರು.

ನಾನು ಮೊದಲು ಒಬ್ಬರಿಗೆ ಹೇಳಿದೆ, ಅವರ ಆ್ಯಪು ಹಾಕಿ ತೆಗೆದ ಮಾಲೀಕರಿಗೆ. “ಹೋಗ್ಲಿ ಬಿಡಿ. ಈಗ ಕೆದಕಿದ್ರೆ ನಿಮ್ದೇ ಮರ್ಯಾದೆ ಹೋಗದು. ನಿಮ್ಮ ಆ್ಯಪು ನಡೀತಿದೆಯಲ್ಲ” ಅಂದರು. ಆ ಮಾತಿಗೆ ನನ್ನ ಮನಸ್ಸು ಹಗುರಾಯಿತು. ಮಾಡಿದ ಕೆಲಸಕ್ಕಿಂತ ಹಾಗೆ ಹಗುರಾದದ್ದನ್ನು ನೆನೆದರೆ ಇವತ್ತು ಹೆಚ್ಚು ನಾಚಿಕೆಯಾಗುತ್ತದೆ. ಅದೇ ನೆವದಲ್ಲಿ ಎರಡು ಮೀಟಿಂಗು ಕಳೆದೆ.

ಮೂರನೆಯದಕ್ಕೆ ಲ್ಯಾಪ್‌ಟಾಪ್ ಒಯ್ದು, ಮೂರನೇ ಕಾಲಂ ತೆರೆದು, ಆರೂ ಜನರ ಮುಂದೆ ಗಟ್ಟಿಯಾಗಿ ಓದಿದೆ. ನಾನು ಮಾಡಿದ್ದನ್ನೂ ಹೇಳಿದೆ.

“ಹಂಗಾದ್ರೆ ಮಣೆಕಲ್ಲು ಅಂತ ಊರೇ ಇಲ್ವಾ ಮಾರಾಯ್ರೆ?” ಎಂದರು ಒಬ್ಬರು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವತ್ತು ಪೂರ್ತಿ ಅದೇ ತಮಾಷೆ. ಟೀಚರ್ ಆ್ಯಪನ್ನು ಮತ್ತೆ ಹಾಕುವ ಸುದ್ದಿ ಎತ್ತಿದೆ. “ನೋಡನ ಮುಂದೆ” ಅಂದರು. ಮುಂದೆ ಯಾರೂ ನೋಡಲಿಲ್ಲ.

ಎಲ್ಲ ಹೇಳಿಯಾಯಿತು ಎಂದು ತಿಳಿಸಲು ಮತ್ತೆ ಅಂಗಡಿಗೆ ಹೋದೆ. ಟೀಚರ್ ತಲೆಯಾಡಿಸಿದರು. ಇನ್ನೊಂದು ಮಾತು ಬರಬಹುದೆಂದು ಕಾದೆ.

“ಬಾಗಿಲಿಗೆ ಅಡ್ಡ ನಿಂತಿದೀರಿ. ಸ್ವಲ್ಪ ಸರೀರಿ, ಗಿರಾಕಿ ಕಾಯ್ತಿದಾರೆ” ಅಂದರು.

ಸರಿದು ನಿಂತೆ.