ಸಮಾಧಾನಕ್ಕೆ ಇನ್ನೊಂದು ಸುತ್ತು

ಗ್ಯಾರೇಜುಗಳ ಆ ಬೀದಿಯಲ್ಲಿ ಅವನಿಗೆ ಹಳದಿ ಚುಕ್ಕೆ ಎಂದೇ ಹೆಸರು. ಚಕ್ರದ ನಟ್ಟುಗಳನ್ನು ಬಿಗಿದು ಮುಗಿಸಿದ ಮೇಲೆ ಪ್ರತಿಯೊಂದರ ತಲೆಗೂ ಸಣ್ಣ ಕುಂಚದಿಂದ ಒಂದು ಹಳದಿ ಬೊಟ್ಟು ಇಡುವುದು ಅವನ ಪದ್ಧತಿ. ಬೊಟ್ಟು ಬಿದ್ದ ನಟ್ಟಿಗೆ ಅವನೇ ಜವಾಬ್ದಾರ. ಇನ್ನು ಲೋಕದಲ್ಲಿ ಎಲ್ಲೇ ಒಂದು ನಟ್ಟು ಹಠ ಹಿಡಿದು ಕೂತರೂ ಅದಕ್ಕೆ ಕಾರಣ ಒಬ್ಬನೇ, ಬೀದಿಯ ತುದಿಯ ಟೈರ್ ಅಂಗಡಿಯವನು.

ಟೈರಿನವನ ಹತ್ತಿರ ಗಾಳಿಯ ಗನ್ನಿತ್ತು. ಗರ್ರೆಂದು ಎರಡು ಸಲ ಒತ್ತಿದರೆ ಸಾಕು, ನಟ್ಟು ಹುಟ್ಟಿದ್ದೇ ಆ ಚಕ್ರದಲ್ಲಿ ಎನ್ನುವ ಹಾಗೆ ಕೂತುಬಿಡುತ್ತಿತ್ತು. ಆಮೇಲೆ ಬಿಚ್ಚುವ ಕರ್ಮ ಹಳದಿ ಚುಕ್ಕೆಯದು. ಮೂವತ್ತು ವರ್ಷದ ಕೆಲಸದಲ್ಲಿ ಅವನ ಬಲಗೈಯಲ್ಲಿ ಸಿಪ್ಪೆ ಏಳದ ಗೆಣ್ಣು ಒಂದೂ ಉಳಿದಿರಲಿಲ್ಲ. ತುಕ್ಕು ಹಿಡಿದ ನಟ್ಟಿಗೆ ಒಂದು ಬೈಗುಳ, ಮೂಲೆ ಸವೆದು ದುಂಡಗಾದದ್ದಕ್ಕೆ ಇನ್ನೊಂದು, ಅರ್ಧ ಬಂದು ಅಲ್ಲೇ ಮುರಿದುಕೊಳ್ಳುವ ಬೋಲ್ಟಿಗೆ ಮಾತ್ರ ಅದರ ವಂಶವನ್ನೆಲ್ಲ ಎಳೆದು ತರುತ್ತಿದ್ದ. ಸಿಟ್ಟು ಅವನ ಮೂಗಿನ ತುದಿಯಲ್ಲೇ.

"ಬಿಗಿಯೋಕೆ ಯಾವ ಕತ್ತೆಗಾದ್ರೂ ಬರುತ್ತೆ," ಎಂದು ಬೀದಿಗೆಲ್ಲ ಕೇಳುವಂತೆ ಕೂಗುತ್ತಿದ್ದ. "ನಾಳೆ ಬಿಚ್ಚೋನೂ ಒಬ್ಬ ಮನುಷ್ಯ ಅಂತ ತಲೇಲಿರಬೇಕು!"

ಅವನ ಬಳಿ ಅಳತೆಯ ಸ್ಪ್ಯಾನರ್ ಇತ್ತು. ಬೇಕಾದಷ್ಟು ಬಿಗಿಯಾದ ಕೂಡಲೇ ಅದು ಟಕ್ ಎನ್ನುತ್ತಿತ್ತು, ಅಲ್ಲಿಗೆ ಕೈ ಬಿಡಬೇಕು. ಗಿರಾಕಿಗಳ ಕಾರಿನಲ್ಲಿ ಅವನು ಆ ಟಕ್ ದಾಟಿ ಕೂದಲೆಳೆಯಷ್ಟೂ ಮುಂದೆ ಹೋದವನಲ್ಲ.

ಒಂದು ಮಧ್ಯಾಹ್ನ ಅಕ್ಕನ ಫೋನ್ ಬಂತು. ಅಕ್ಕ ಹೆರಿಗೆ ಮಾಡಿಸುವ ನರ್ಸ್. ಹಳೆಯ ಪುಟ್ಟ ಕಾರೊಂದರಲ್ಲಿ ಊರಾಚೆಯ ಮನೆಗಳಿಗೆ ಒಬ್ಬಳೇ ಓಡಾಡುವವಳು.

"ಲೋ, ಕಲ್ಲುಕ್ವಾರಿ ದಾಟಿ ನಿಂತಿದ್ದೀನಿ, ಟೈರ್ ಪಂಕ್ಚರ್. ನಟ್ಟು ಜಪ್ಪಯ್ಯ ಅಂದ್ರೂ ಬರ್ತಿಲ್ಲ. ಅಲ್ಲಿ ಹುಡುಗಿಗೆ ನೋವು ಜೋರಾಗಿದೆಯಂತೆ, ಚೊಚ್ಚಲು ಬೇರೆ. ಅವಳ ಅತ್ತೆ ಬಿಟ್ರೆ ಮನೇಲಿ ಯಾರೂ ಇಲ್ಲ."

"ಆ ಟೈರಿನೋನೇ! ಅವನದೇ ಕೆಲಸ!"

"ಯಾರೋ ಒಬ್ಬ ಮುಠ್ಠಾಳ ಬಿಗಿದಿದ್ದಾನೆ. ಬೇಗ ಬಾ."

ಅವನು ಕೆಂಡಾಮಂಡಲವಾದ. ಸ್ಪ್ಯಾನರನ್ನೂ ಉದ್ದನೆಯ ಕಬ್ಬಿಣದ ಕೊಳವೆಯನ್ನೂ ಸ್ಕೂಟರಿಗೆ ಕಟ್ಟಿಕೊಂಡು ಹೊರಟವನು ಟೈರ್ ಅಂಗಡಿಯ ಮುಂದೆ ಗಕ್ಕನೆ ನಿಂತ. ಅಲ್ಲಿ ನಾಲ್ಕಾರು ಗಿರಾಕಿಗಳಿದ್ದರು. ಇದ್ದದ್ದು ಒಳ್ಳೆಯದೇ ಆಯಿತೆಂದುಕೊಂಡು ಬಾಯಿಗೆ ಬಂದಂತೆ ಬೈದ. "ಇವತ್ತು ಒಂದು ಜೀವ ಹೋದ್ರೆ ಅದು ನಿನ್ನ ತಲೆ ಮೇಲೆ!" ಎಂದ. ಟೈರಿನವನು ಕೈಯಲ್ಲಿದ್ದ ಟ್ಯೂಬ್ ಹಿಡಿದುಕೊಂಡೇ ಕಣ್ಣು ಕಣ್ಣು ಬಿಟ್ಟ.

ಕ್ವಾರಿಯಾಚೆ ಕಾರು ಒಂದು ಕಡೆ ವಾಲಿಕೊಂಡು ನಿಂತಿತ್ತು. ಅಕ್ಕ ಇರಲಿಲ್ಲ. ಅವಳ ಚೀಲವೂ ಇರಲಿಲ್ಲ. ಎರಡು ಮೈಲಿ ದೂರದ ಆ ಹುಡುಗಿಯ ಮನೆಗೆ ಸುಡುವ ಬಿಸಿಲಲ್ಲಿ ನಡೆದೇ ಹೊರಟುಬಿಟ್ಟಿದ್ದಳು. ಕಾರಿನ ಜೊತೆ ಬರುವ ಗಿಡ್ಡ ಸ್ಪ್ಯಾನರ್ ನಟ್ಟಿಗೆ ಜೋತುಬಿದ್ದಿತ್ತು. ಅದರ ಹಿಡಿ ಬಾಗಿಹೋಗಿತ್ತು, ಮೇಲೆ ಚಪ್ಪಲಿ ಉಜ್ಜಿದ ಗುರುತು, ತುದಿಯಲ್ಲಿ ರಕ್ತ. ಐವತ್ತು ದಾಟಿದ ಹೆಂಗಸು ಅದರ ಮೇಲೆ ನಿಂತು ಕುಣಿದಿದ್ದಳು, ಆಮೇಲೆ ಅಂಗೈ ಸುಲಿಯುವವರೆಗೆ ಎಳೆದಿದ್ದಳು. ಹಲ್ಲು ಕಡಿಯುತ್ತ ಅವನು ತನ್ನ ಸ್ಪ್ಯಾನರಿನ ಹಿಡಿಗೆ ಕೊಳವೆ ಸಿಕ್ಕಿಸಿ ಉದ್ದ ಮಾಡಿಕೊಂಡು ಮೆಟ್ಟಿದ. ಮೊದಲ ನಟ್ಟು ಕಿರ್ರೋ ಎಂದು ಕಿರುಚಿ ಸೋತಿತು. "ಟೈರಿನೋನೇ, ನಿನ್ನ ಗನ್ನಿಗೆ ಬೆಂಕಿ ಹಾಕ!" ಎರಡನೆಯದು. "ನಿನ್ನ ಕೈ ಸೇದಿಹೋಗ!" ಮೂರನೆಯದು. ನಾಲ್ಕನೆಯದಕ್ಕೆ ಮೆಟ್ಟಿದಾಗ ಸ್ಪ್ಯಾನರ್ ಜಾರಿ, ಮೊಣಕಾಲು ಜಲ್ಲಿಗೆ ಬಡಿದು, ಮುಖ ಚಕ್ರಕ್ಕೆ ಒಂದು ಗೇಣು ದೂರದಲ್ಲಿ ಬಂದು ನಿಂತಿತು.

ನಟ್ಟಿನ ತಲೆಯ ಮೇಲೆ ಹಳದಿ ಬೊಟ್ಟು.

ಉಳಿದ ಮೂರನ್ನೂ ನೋಡಿದ. ಮೂರರ ಮೇಲೂ ಇತ್ತು. ಕೋಪದ ಕೈಗೆ ಬುದ್ಧಿ ಕೊಟ್ಟವನಿಗೆ ಎದುರಿಗಿದ್ದದ್ದೇ ಕಂಡಿರಲಿಲ್ಲ. ಎರಡು ತಿಂಗಳ ಹಿಂದೆ ಬ್ರೇಕ್ ಸರಿ ಮಾಡಿ, ಚಕ್ರ ಹಾಕಿ, ಬಿಗಿದವನು ಅವನೇ.

ಮನೆಯವರ ಕಾರಿನ ವಿಷಯದಲ್ಲಿ ಅವನಿಗೆ ಟಕ್ ಸಾಲುತ್ತಿರಲಿಲ್ಲ. ಹತ್ತೊಂಬತ್ತರ ವಯಸ್ಸಿನಲ್ಲಿ ಅಪ್ಪನ ಟ್ಯಾಕ್ಸಿಯ ನಟ್ಟುಗಳನ್ನು ಬರಿಗೈಯಲ್ಲಿ ತಿರುಗಿಸಿಟ್ಟು, ಉಂಡು ಬಂದು ಬಿಗಿಯೋಣ ಎಂದು ಒಳಗೆ ಹೋಗಿದ್ದ. ಅಷ್ಟರಲ್ಲಿ ಅಪ್ಪ ಬಾಡಿಗೆಗೆ ಹೊರಟುಬಿಟ್ಟರು. ಸೇತುವೆಯ ಹತ್ತಿರ ಚಕ್ರ ಕಳಚಿತು. ಅಪ್ಪ ಬದುಕಿದರು, ಸಾಯುವವರೆಗೂ ಕುಂಟಿದರು, ಮಗನಿಗೆ ಮಾತ್ರ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅಂದಿನಿಂದ ಮನೆಯವರ ಕಾರು ಬಂದರೆ, ಟಕ್ ಎಂದ ಮೇಲೂ ಯಾರೂ ನೋಡದಾಗ ಕೊಳವೆ ಸಿಕ್ಕಿಸಿ, ಮೈಭಾರವನ್ನೆಲ್ಲ ಬಿಟ್ಟು ಮೆಟ್ಟುತ್ತಿದ್ದ. ಸಮಾಧಾನಕ್ಕೆ ಇನ್ನೊಂದು ಸುತ್ತು, ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ.

ಸ್ಕೂಟರಿನ ಸಾಮಾನಿನ ಡಬ್ಬಿಯಲ್ಲಿ ಬಣ್ಣ ಒರೆಸುವ ಥಿನ್ನರ್ ಇತ್ತು. ಒಂದು ಚಿಂದಿ ಬಟ್ಟೆ, ಎರಡು ಉಜ್ಜು, ಅಷ್ಟೇ. ಟೈರಿನವನೇ ತಪ್ಪಿತಸ್ಥನಾಗಿ ಉಳಿಯುತ್ತಿದ್ದ, ಕೇಳುವವರು ಯಾರು? ಮುಚ್ಚಳ ತೆಗೆದೂ ತೆಗೆದ. ಬಾಗಿದ ಸ್ಪ್ಯಾನರಿನ ಮೇಲಿದ್ದ ಅಕ್ಕನ ರಕ್ತ ಆಗಲೇ ಒಣಗಿ ಕಪ್ಪಗಾಗುತ್ತಿತ್ತು. ಥೂ ನಿನ್ನ, ಎಂದು ತನಗೇ ಉಗಿದುಕೊಂಡು ಮುಚ್ಚಳ ಹಾಕಿದ. ಚಕ್ರ ಬದಲಿಸಿ, ಸ್ಕೂಟರನ್ನು ಅಲ್ಲೇ ಬಿಟ್ಟು, ಕಾರು ಓಡಿಸಿದ.

ಅಕ್ಕ ಆ ಮನೆಯ ಮೆಟ್ಟಿಲ ಮೇಲೆ ಕೂತು ಅಂಗೈಗೆ ಬಟ್ಟೆ ಸುತ್ತಿಕೊಳ್ಳುತ್ತಿದ್ದಳು. ಒಳಗಿನಿಂದ ಮಗುವಿನ ಅಳು ಕೇಳಿದ ಮೇಲೆಯೇ ಅವನು ಕಾರಿನಿಂದ ಇಳಿದ.

"ನಾನು ಬರೋ ಹೊತ್ತಿಗೆ ಮಗು ಹೊರಗೆ ಬಂದಿತ್ತು," ಎಂದಳು ಅಕ್ಕ. "ನೀಲಿ ತಿರುಗಿತ್ತು ಕಣೋ. ಆ ಮುದುಕಿ ಏನು ಮಾಡ್ಬೇಕು ಗೊತ್ತಾಗದೆ ಹಿಡ್ಕೊಂಡು ನಿಂತಿದ್ಲು. ಇನ್ನೆರಡು ನಿಮಿಷ ತಡವಾಗಿದ್ರೆ ಮುಗೀತಿತ್ತು."

"ಅಕ್ಕಾ, ಆ ನಟ್ಟು... ಟೈರಿನೋನಲ್ಲ. ನಾನೇ. ಅವನನ್ನ ಸುಮ್ಮನೆ ಗಿರಾಕಿಗಳೆದುರು ಬೈದು ಬಂದೆ."

"ಗೊತ್ತು. ಕೂತು ನಟ್ಟಿಗೆ ಕೈ ಹಾಕಿದಾಗಲೇ ಬೊಟ್ಟು ಕಾಣಿಸ್ತು."

"ಮತ್ತೆ ಫೋನಲ್ಲಿ ಯಾರೋ ಮುಠ್ಠಾಳ ಅಂದೆ?"

"ಸುಳ್ಳೇನಿತ್ತು ಅದರಲ್ಲಿ? ಬಿಗಿದೋನು ನೀನೇ ಅಂತ ನಾನು ಅಂದಿದ್ರೆ ನೀನು ತಲೆ ಮೇಲೆ ಕೈ ಹೊತ್ತು ಅಲ್ಲೇ ಕೂತಿರ್ತಿದ್ದೆ. ಇನ್ನೊಬ್ಬರ ಮೇಲೆ ಸಿಟ್ಟಿದ್ರೆ ನೀನು ಹಾರ್ಕೊಂಡು ಬರ್ತೀಯ."

ಅವಳು ಎದ್ದು ಕಾರಿನ ಬಳಿ ಬಂದಳು. ಅವನ ಸ್ಪ್ಯಾನರ್ ಇಸಕೊಂಡು, ಗಾಯವಿಲ್ಲದ ಕೈಯಲ್ಲಿ ಒಂದು ನಟ್ಟು ಸಡಿಲಿಸಿ ನೋಡಿ, ಟಕ್ ಎನ್ನುವವರೆಗೆ ಮತ್ತೆ ಬಿಗಿದಳು. ಇನ್ನೊಂದು ಸುತ್ತಿಗೆಂದು ಅವನ ಕಾಲು ತಾನಾಗಿ ಮೇಲೆದ್ದಿತು.

"ಕಾಲಿಳಿಸು!" ಅಕ್ಕ ಗದರಿದಳು. "ಅಪ್ಪ ಬೈಲಿಲ್ಲ ಅಂತ ನಾನೂ ಬಿಡ್ತೀನಿ ಅನ್ಕೊಂಡ್ಯಾ? ಬೇಜವಾಬ್ದಾರಿ ಮಾಡಿ ಅವರ ಕಾಲು ತೆಗೆದೆ. ಇವತ್ತು ಅಕ್ಕರೆ ಮಾಡಿ ಒಂದು ಕೂಸಿನ ಉಸಿರು ತೆಗೀತಿದ್ದೆ. ಕಾರು ಹತ್ತು. ಮೊದಲು ಟೈರ್ ಅಂಗಡಿ ಮುಂದೆ ನಿಲ್ಲಿಸು, ಎಷ್ಟು ಜನರೆದುರು ಅವನನ್ನ ಬೈದಿದ್ಯೋ ಅಷ್ಟು ಜನರೆದುರು ತಪ್ಪಾಯ್ತು ಅನ್ನು. ಆಮೇಲೆ ಮಿಕ್ಕಿದ್ದು ಬೈತೀನಿ."

ಆದರೆ ಅಲ್ಲಿಯವರೆಗೆ ಅವಳು ಕಾಯಲಿಲ್ಲ. ಕ್ವಾರಿ ದಾಟಿದರು, ಸೇತುವೆ ದಾಟಿದರು, ಅಕ್ಕ ಬೈಯುತ್ತಲೇ ಇದ್ದಳು. ಮೂವತ್ತು ವರ್ಷ ಕಾದಿದ್ದ ಬೈಗುಳವನ್ನು ಅವನು ಎದುರು ಮಾತಾಡದೆ ಕೇಳಿದ. ದಾರಿ ಸರಿಯಾಗಿ ಕಾಣುತ್ತಿರಲಿಲ್ಲ, ತೋಳಿನಿಂದ ಕಣ್ಣೊರೆಸಿಕೊಂಡು ಮೆಲ್ಲಗೆ ಓಡಿಸಿದ.