ಅಪ್ಪನ ಪಾಲಿಗೆ ಬಂದ ಶಬ್ದ

ಬ್ಯಾಂಕ್ ಪರೀಕ್ಷೆಗೆ ಓದುವಾಗ ನನ್ನನ್ನು ಕಾಡಿದ್ದು ಲೆಕ್ಕವಲ್ಲ, ಇಂಗ್ಲಿಷಿನ ದೊಡ್ಡ ದೊಡ್ಡ ಶಬ್ದಗಳು. ಬೆಳಿಗ್ಗೆ ಉರು ಹೊಡೆದ ಅರ್ಥ ಮಧ್ಯಾಹ್ನ ರೊಟ್ಟಿ ಮುರಿಯುವಷ್ಟರಲ್ಲಿ ಹಾರಿಹೋಗಿರುತ್ತಿತ್ತು. ಕೊನೆಗೆ ಶಬ್ದಗಳನ್ನೆಲ್ಲ ನೆಂಟರಿಗೆ ಹಂಚಿಬಿಟ್ಟೆ.

ಮುದ್ದೇಬಿಹಾಳದ ಸೋದರಮಾವ ಫೋನ್ ಹಚ್ಚಿದರೆ ಈಚೆಯವರ ಕಿವಿ ಕಾಯುವವರೆಗೆ ಬಿಡುವವನಲ್ಲ. ಅವನಿಗೆ ‘ಗ್ಯಾರುಲಸ್’, ಅಂದರೆ ವಾಚಾಳಿ. ಇಂಡಿ ಊರಿನ ಅತ್ತೆಗೆ ಸುತ್ತ ನಾಲ್ಕು ಜನ ಇಲ್ಲದಿದ್ದರೆ ಚಹಾ ಗಂಟಲಲ್ಲಿ ಇಳಿಯದು, ಆಕೆ ‘ಗ್ರಿಗೇರಿಯಸ್’. ಬಸವನ ಬಾಗೇವಾಡಿಯ ದೊಡ್ಡಪ್ಪ ಎಂಜಲು ಕೈಯಲ್ಲಿ ಕಾಗೆ ಓಡಿಸದವನು. ‘ಪಾರ್ಸಿಮೋನಿಯಸ್’ ಅವನಿಗೆಂದೇ ಹುಟ್ಟಿದ ಶಬ್ದ. ಹೀಗೆ ಹಂಚಿದ ಮೇಲೆ ಒಂದೂ ಮರೆಯಲಿಲ್ಲ.

ಸಿಂದಗಿಯ ನಮ್ಮ ಮನೆಯಲ್ಲಿ ಈ ಆಟ ಎಲ್ಲರಿಗಿಂತ ಹೆಚ್ಚು ಹಿಡಿಸಿದ್ದು ಅಪ್ಪನಿಗೆ. ಅಂಗಡಿ ಮುಚ್ಚಿ ಬಂದು ಕೈಕಾಲು ತೊಳೆದವನೇ, “ಬಾಗೇವಾಡಿ ಅಣ್ಣಗ ಏನಂತಾರವಾ?” ಎಂದು ಕೇಳುತ್ತಿದ್ದ. ಹೇಳಿದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

ಈ ಆಟ ಹೊಳೆಯುವ ಮೊದಲೇ ಎರಡು ಸಲ ಬರೆದು ಎರಡು ಸಲವೂ ಇಂಗ್ಲಿಷಿನಲ್ಲೇ ಬಿದ್ದಿದ್ದೆ. ಇನ್ನೊಂದು ಸಲ ಬರೆಯುತ್ತೇನೆ ಎಂದರೆ ಅಪ್ಪ, “ಸಾಕವಾ, ಇನ್ನ ಲಗ್ನದ ವಿಚಾರ ಮಾಡೂಣು” ಅಂದ. ನಾನು ಬೇಡಿಕೊಂಡೆ, ಅವ್ವನೂ ಬೇಡಿಕೊಂಡಳು. ಆದರೂ ಸಂಜೆ ಶಬ್ದ ಕೇಳುವುದನ್ನು ಅವನು ಬಿಡಲಿಲ್ಲ. ಕೇಳುವ ಮನಸ್ಸಿದ್ದವನಿಗೆ ಬರೆಸುವ ಮನಸ್ಸೂ ಬಂದೀತು ಎಂದು ನಾನು ಆಸೆ ಇಟ್ಟುಕೊಂಡಿದ್ದೆ.

ಅದೇ ವಾರ ದೊಡ್ಡಪ್ಪ ಫೋನ್ ಮಾಡಿ, ಭಾನುವಾರ ಗಂಡಿನವರನ್ನು ಕರೆತರಲೇ ಎಂದು ಕೇಳಿದ. ಸಂಜೆ ಹೇಳುತ್ತೇನೆ ಎಂದು ಅಪ್ಪ ಅಂಗಡಿಗೆ ಹೋದ. ದಿನವೆಲ್ಲ ನನಗೆ ಪುಸ್ತಕ ಹಿಡಿಯಲು ಆಗಲಿಲ್ಲ.

ಸಂಜೆ ಬಂದವನು ಎಂದಿನಂತೆ ಕುಳಿತು, “ಎಲ್ಲಾರಿಗೂ ಒಂದೊಂದ ಕೊಟ್ಟಿ. ನನಗ ಯಾವ್ದು ಇಟ್ಟಿ?” ಎಂದ.

ಇಟ್ಟಿದ್ದೆ, ಹೇಳಿರಲಿಲ್ಲ ಅಷ್ಟೇ. ಒಳಗೆ ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

“ಆಬ್ಡುರೇಟ್.”

“ಹಂಗಂದ್ರ?”

“ಯಾರು ಎಷ್ಟ ಬೇಡಿಕೊಂಡ್ರೂ ಮನಸ್ಸ ಕರಗಲಾರದವ ಅಂತ, ಅಪ್ಪಾ.”

ಅವನು ನಗಲಿಲ್ಲ, ಸಿಟ್ಟಿಗೂ ಏಳಲಿಲ್ಲ. ಶಬ್ದವನ್ನು ತಡವರಿಸುತ್ತ ತಾನೇ ಒಮ್ಮೆ ಅಂದು ನೋಡಿದ. “ಬರೋಬ್ಬರಿ ಐತಿ,” ಎಂದು ಫೋನ್ ತೆಗೆದು ಬಾಗೇವಾಡಿಗೆ ಹಚ್ಚಿದ. ಬರುವುದು ಬೇಡ ಎನ್ನುತ್ತಾನೆಂದೇ ನಾನು ನಂಬಿದ್ದೆ.

“ಅಣ್ಣಾ,” ಎಂದ ಅಪ್ಪ, “ಐತವಾರ ಕರ್ಕೊಂಡ ಬರ್ರಿ.”